ಯಾವ ದೋಣಿಯವನು

ವರ್ನಾ ಟೋಕರ್ ಹಾಯಿದೋಣಿ ಕ್ಲಬ್ಬಿನ ಸೂಚನಾ ಫಲಕದ ಮುಂದೆ ನಿಂತು ಕಾಗದದ ಪಿನ್ನುಗಳನ್ನು ಒಂದೊಂದಾಗಿ ಉಗುರಿನಿಂದ ಮೀಟಿ ತೆಗೆಯುತ್ತಿದ್ದಳು. ನಾಲ್ಕನೆಯದು ತುಕ್ಕು ಹಿಡಿದು ಹಲಗೆಗೆ ಕಚ್ಚಿಕೊಂಡಿತ್ತು. ಅದನ್ನು ಅಲ್ಲಿಯೇ ಬಿಟ್ಟು ಕಾಗದವನ್ನು ಮೆಲ್ಲನೆ ಎಳೆದುಕೊಂಡಳು. ಮೂಲೆ ಹರಿಯಿತು.

ಕಾಗದದ ಮೇಲಿದ್ದುದು ಅವಳದೇ ಅಕ್ಷರ. ‘ಲುಡ್ವಿಕ್ ಕೊಶೀರ್ ಅವರ ಅಂತ್ಯಕ್ರಿಯೆ ಬುಧವಾರ ಬೆಳಿಗ್ಗೆ ಹತ್ತಕ್ಕೆ. ಪೆಟ್ಟಿಗೆ ಹೊರಲು ಆರು ಜನ ಬೇಕೆಂದು ಅವರ ತಂಗಿ ಕೇಳಿದ್ದಾರೆ. ಹೆಸರು ಬರೆಯಿರಿ.’ ಕೆಳಗೆ ಸ್ಕೇಲಿಟ್ಟು ಎಳೆದ ಆರು ಗೆರೆ. ಆರೂ ಖಾಲಿ. ಅಂಚಿನಲ್ಲಿ ಯಾರೋ ಪೆನ್ನು ಮೂಡುತ್ತದೆಯೇ ಎಂದು ಗೀಚಿ ನೋಡಿದ್ದರು. ಪೆನ್ನು ಮೂಡಿತ್ತು. ಆಮೇಲೆ ಏನನ್ನೂ ಬರೆಯದೆ ಹೋಗಿದ್ದರು.

ಐದು ದಿನದಿಂದ ದಿನವೂ ಅವಳು ಆ ಕಾಗದವನ್ನು ನೋಡಿದ್ದಳು. ಖಾಲಿಯಿದ್ದುದಕ್ಕೆ ಗಾಬರಿಯಾಗಿರಲಿಲ್ಲ. ಆ ಫಲಕದಲ್ಲಿ ಹೆಸರು ಬರೆಯುವವರು ದೋಣಿಯಿಲ್ಲದವರು. ರೇಸಿಗೆ ಯಾರಾದರೂ ಕರೆದಾರೆಂದು ಕಾಯುವವರು. ದೋಣಿಯ ಯಜಮಾನರು ಅಲ್ಲಿ ಯಾವತ್ತೂ ಬರೆಯುವುದಿಲ್ಲ, ಫೋನಿನಲ್ಲೇ ಮಾತು ಮುಗಿಸುತ್ತಾರೆ. ಲುಡ್‌ನ ದೋಣಿಯವರು ಅವನ ತಂಗಿ ಜಸ್ಟೀನ್‌ಗೆ ಆಗಲೇ ಹೇಳಿರುತ್ತಾರೆ ಎಂದುಕೊಂಡಿದ್ದಳು. ಈಗ ಕಾಗದವನ್ನು ಮಡಿಸುವಾಗ ಮಾತ್ರ, ಲುಡ್‌ನ ದೋಣಿಯವರು ಎಂದರೆ ಯಾರು ಎಂದು ಮೊದಲ ಬಾರಿಗೆ ತನ್ನನ್ನೇ ಕೇಳಿಕೊಂಡಳು. ಬುಧವಾರ ಬಂದೇಬಿಟ್ಟಿತ್ತು. ಗಂಟೆ ಎಂಟೂವರೆಯಾಗಿತ್ತು.

ಕ್ಲಬ್ಬಿನ ಫೋನಿನಿಂದ ಗಾರ್ಡನ್ ಪ್ರುಯಿಟ್‌ಗೆ ಕರೆ ಮಾಡಿದಳು. ಊರಿನ ಹಾರ್ಡ್‌ವೇರ್ ಅಂಗಡಿ ಮಾರಿ ಮನೆಯಲ್ಲಿದ್ದವನು. ಅವನದು ನೀಲಿ ಬಣ್ಣದ ದೋಣಿ.

"ಗಾರ್ಡನ್, ನೀನು ಜಸ್ಟೀನ್‌ಗೆ ಫೋನ್ ಮಾಡಿದ್ಯಾ?"

"ಯಾವ ಜಸ್ಟೀನ್?"

"ಲುಡ್‌ನ ತಂಗಿ. ಪೆಟ್ಟಿಗೆ ಹೊರೋ ವಿಷಯಕ್ಕೆ."

"ನಾನ್ಯಾಕೆ ಮಾಡ್ಲಿ? ಅವನು ಹ್ಲಾವಟಿ ದೋಣಿಯವನು. ಅವರ ಕಡೆ ಸಾವಿಗೆ ಹೋಗಿ ನಾನು ಮುಂದೆ ನಿಂತ್ಕೊಂಡ್ರೆ ಚೆನ್ನಾಗಿರುತ್ತಾ? ಬರ್ತೀನಿ, ಹಿಂದಿನ ಬೆಂಚಲ್ಲಿ ಕೂತಿರ್ತೀನಿ."

"ನಿನ್ನ ದೋಣೀಗೂ ಬರ್ತಿದ್ನಲ್ಲ."

"ಬರ್ತಿದ್ದ. ನಮಗೆ ಜನ ಕಮ್ಮಿಯಾದಾಗ." ಅವನು ಬಾಯಲ್ಲೇ ಲೆಕ್ಕ ಹಾಕಿದ. "ಒಂದು ಹನ್ನೆರಡು ವರ್ಷ ಬಂದಿರಬೇಕು."

ಹಲ್ಲಿನ ಡಾಕ್ಟರ್ ಹ್ಲಾವಟಿಯ ಮನೆಯಲ್ಲಿ ಅವನ ಹೆಂಡತಿ ಫೋನೆತ್ತಿದಳು. "ಅವರು ಹೊರಟಾಯ್ತು ವರ್ನಾ. ಹೊರೋದಕ್ಕೆಲ್ಲ ಕೈಹಾಕಬೇಡಿ ಅಂತ ನಾನೇ ಹೇಳಿ ಕಳಿಸಿದೆ. ನೋಲನ್ ದೋಣಿಯವರು ಏನಾದ್ರೂ ಅಂದ್ಕೊಂಡಾರು. ಲುಡ್ ಅವರವನು ತಾನೇ?"

ವರ್ನಾ ನೋಲನ್‌ಗೆ ಫೋನು ಮಾಡಲಿಲ್ಲ. ಅವನು ಇನ್ನು ಯಾರ ದೋಣಿಯ ಹೆಸರು ಹೇಳುತ್ತಾನೋ ಅದನ್ನು ಕೇಳುವುದು ಅವಳಿಗೆ ಬೇಕಾಗಿರಲಿಲ್ಲ.

*

ನಲವತ್ತು ವರ್ಷ ಬುಧವಾರದ ಸಂಜೆಗಳಲ್ಲಿ ಲುಡ್ ಐದೂಕಾಲಿಗೆ ದೋಣಿಕಟ್ಟೆಯ ತುದಿಗೆ ಬಂದು ನಿಲ್ಲುತ್ತಿದ್ದ. ಶಾಲೆಯೊಂದರ ಬಾಯ್ಲರ್ ನೋಡಿಕೊಳ್ಳುವ ಕೆಲಸ ಅವನದು. ಕೆಲಸದ ಬಟ್ಟೆ ಬದಲಿಸಿ, ಕೈಗವಸು ಮತ್ತು ಮಳೆ ಅಂಗಿ ತುಂಬಿದ ಕ್ಯಾನ್ವಾಸ್ ಚೀಲವನ್ನು ಎರಡು ಕಾಲಿನ ನಡುವೆ ಇಟ್ಟುಕೊಂಡು ನಿಲ್ಲುತ್ತಿದ್ದ. ರೇಸು ಆರೂವರೆಗೆ. ಯಜಮಾನರು ಒಬ್ಬೊಬ್ಬರಾಗಿ ಅವನ ಪಕ್ಕದಿಂದಲೇ ದಾಟಿ ತಮ್ಮ ದೋಣಿಗಳಿಗೆ ಇಳಿಯಬೇಕು. ಅವನು ಯಾರನ್ನೂ ಕೇಳುತ್ತಿರಲಿಲ್ಲ. ಗಾಳಿಯನ್ನೋ ಮೋಡವನ್ನೋ ನೋಡುತ್ತಿದ್ದ. ಯಾರದೋ ದೋಣಿಯಲ್ಲಿ ಒಬ್ಬ ಕಡಿಮೆಯಿದ್ದರೆ, "ಲುಡ್, ಖಾಲಿ ಇದೀಯಾ?" ಎನ್ನುತ್ತಿದ್ದರು. ಅವನು ಖಾಲಿ ಇರುವನೋ ಇಲ್ಲವೋ ಎಂದು ಯೋಚಿಸುವವನಂತೆ ಒಂದು ಕ್ಷಣ ತಡೆದು, ಚೀಲ ಎತ್ತಿಕೊಳ್ಳುತ್ತಿದ್ದ.

ಗಾಳಿ ಕಡಿಮೆಯಿದ್ದ ದಿನ, "ಇವತ್ತು ಬೇಡ ಕಣೋ, ಭಾರ ಜಾಸ್ತಿಯಾಗುತ್ತೆ" ಎನ್ನುತ್ತಿದ್ದರು. "ಸರಿ, ಸರಿ" ಎಂದು ಬೆಂಚಿನ ಮೇಲೆ ಕೂತು ರೇಸು ಮುಗಿಯುವವರೆಗೆ ನೋಡಿ ಹೋಗುತ್ತಿದ್ದ. ಏಪ್ರಿಲ್‌ನಲ್ಲಿ ಬೇರೆಯವರ ದೋಣಿಗಳ ತಳ ಕೆರೆದು ಬಣ್ಣ ಬಳಿದುಕೊಡುತ್ತಿದ್ದ. ಅಕ್ಟೋಬರಿನ ಚಳಿಯಲ್ಲಿ, ಯಜಮಾನರಿಗೆ ಬೇಸರವಾದ ಮೇಲೆ, ದೋಣಿಗಳನ್ನು ಸರೋವರದ ಮೇಲೆ ಮೂವತ್ತು ಮೈಲಿ ನಡೆಸಿಕೊಂಡು ಹೋಗಿ ಚಳಿಗಾಲ ಕಳೆಯಲು ಅವನ್ನಿಡುವ ಅಂಗಳಕ್ಕೆ ಮುಟ್ಟಿಸುತ್ತಿದ್ದ. ಹರಿದ ಹಗ್ಗ ಹೆಣೆಯಲು ಬರುತ್ತಿತ್ತು. ನೀರಿನ ಮೇಲೆ ಹೋಗಲು ಎಷ್ಟು ದಾರಿಗಳಿದ್ದವೋ ಅಷ್ಟನ್ನೂ ಅವನು ತಿಳಿದುಕೊಂಡಿದ್ದ, ದೋಣಿ ಕೊಳ್ಳುವ ಒಂದು ದಾರಿಯನ್ನು ಬಿಟ್ಟು.

ಹಿಂದಿರುಗಿದ ಮೇಲೆ ತಂಗಿಗೆ ಫೋನು ಮಾಡುತ್ತಿದ್ದ. "ಇವತ್ತು ನಮ್ಮ ದೋಣಿ ಮೂರನೇದು ಬಂತು." ಇಲ್ಲವೇ, "ನಮ್ಮ ದೋಣಿ ಹಾಯಿ ಹರಿದುಹೋಯ್ತು, ಹೊಲೀಬೇಕು."

*

ಇಗರ್ಜಿಯ ಮೆಟ್ಟಿಲ ಮೇಲೆ ಜಸ್ಟೀನ್ ಒಬ್ಬಳೇ ನಿಂತಿದ್ದಳು. ಎಪ್ಪತ್ತು ದಾಟಿದ ಕುಳ್ಳಗಿನ ಹೆಂಗಸು. ತೋಳಿನಲ್ಲಿ ಕಪ್ಪು ಕೈಚೀಲ, ಕೈಯಲ್ಲಿ ರಟ್ಟಿನ ಡಬ್ಬಿ. ಡಬ್ಬಿಯಲ್ಲಿ ಆರು ಜೊತೆ ಬಿಳಿ ಕೈಗವಸು.

"ಬಂದ್ರಾ ವರ್ನಾ," ಎಂದಳು. "ಅಣ್ಣನ ದೋಣಿಯವರು ಎಲ್ಲಿ? ನನಗೆ ಒಬ್ಬರ ಮುಖವೂ ಗೊತ್ತಿಲ್ಲ. ನೀವೇ ತೋರಿಸ್ಬೇಕು."

ವರ್ನಾ ಬಾಯಿ ತೆರೆಯುವ ಮೊದಲೇ ನೋಲನ್ ಮತ್ತು ಹ್ಲಾವಟಿ ಎರಡು ಕಾರುಗಳಿಂದ ಇಳಿದು ಮೆಟ್ಟಿಲ ಬಳಿ ಬಂದರು. ನೋಲನ್ ಸೇತುವೆ ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದ ಎತ್ತರದ ಆಸಾಮಿ. ಹ್ಲಾವಟಿಯೂ ಎತ್ತರವೇ, ಆದರೆ ಸ್ವಲ್ಪ ಬಾಗಿದವನು. ನಲವತ್ತು ವರ್ಷ ಬೇರೆಯವರ ಬಾಯೊಳಗೆ ನೋಡಿದ ಬೆನ್ನು.

"ಒಬ್ಬನೇ ಬಂದ್ಯಲ್ಲಯ್ಯ ಡಾಕ್ಟ್ರೇ," ಎಂದು ನೋಲನ್ ಕೆಳದನಿಯಲ್ಲಿ ಕೇಳಿದ. "ನಿನ್ನ ದೋಣಿ ಹುಡುಗರೆಲ್ಲ ಎಲ್ಲಿ? ಒಬ್ಬನೇ ಹೊರ್ತೀಯಾ?"

"ನನ್ನ ಹುಡುಗರು ಯಾಕೆ? ಲುಡ್ ನಿನ್ನ ದೋಣಿಯವನಲ್ವೇನೋ?"

"ಹೋದ ವರ್ಷ ನನ್ನ ದೋಣಿಗೆ ಮೂರು ಸಲ ಬಂದಿರಬೇಕು, ಅಷ್ಟೇ. ನೀನು ಅವನನ್ನ ಹಾರಿಸ್ಕೊಂಡು ಹೋಗಿದೀಯ ಅಂತ ಮನೇಲಿ ಕೂತು ನಿನ್ನ ಬೈದಿದೀನಿ."

"ನಾನೂ ನಿನ್ನ ಬೈದಿದೀನಿ," ಎಂದ ಹ್ಲಾವಟಿ.

ಇಬ್ಬರಿಗೂ ನಗು ಬರುವುದರಲ್ಲಿತ್ತು. ಜಸ್ಟೀನ್ ಮೇಲಿನ ಮೆಟ್ಟಿಲಿನಿಂದ ತಮ್ಮನ್ನೇ ನೋಡುತ್ತಿದ್ದಾಳೆಂದು ಕಂಡು ಇಬ್ಬರೂ ಟೋಪಿ ತೆಗೆದರು. ಅಷ್ಟರಲ್ಲಿ ಪ್ರುಯಿಟ್ ಬಂದ. ಯಾರ ಕಣ್ಣಿಗೂ ಬೀಳದೆ ಒಳಗೆ ಹೋಗಲು ನೋಡಿ, ಆಗದೆ, ಅಲ್ಲಿಯೇ ನಿಂತ.

"ಪ್ರತಿ ಮಂಗಳವಾರ ಅಕ್ರೋಟಿನ ಸುರುಳಿ ರೊಟ್ಟಿ ಮಾಡಿ ಕೊಡ್ತಿದ್ದೆ," ಎಂದಳು ಜಸ್ಟೀನ್. "ನಮ್ಮ ದೋಣಿಯವರಿಗೆ ಇಷ್ಟ ಅಂತ ತಗೊಂಡು ಹೋಗ್ತಿದ್ದ. ನೀವೇ ಅಲ್ವಾ ಅವರು?"

"ತಂದಿದ್ದ," ಎಂದ ಹ್ಲಾವಟಿ. "ಬಹಳ ಚೆನ್ನಾಗಿರ್ತಿತ್ತು."

"ನಮಗೂ ತಂದಿದ್ದ," ಎಂದ ನೋಲನ್.

ಪ್ರುಯಿಟ್ ತನ್ನ ಬೂಟುಗಳನ್ನು ನೋಡಿಕೊಂಡ.

"ಮತ್ತೆ ನಮ್ಮ ದೋಣಿ ಅಂತಿದ್ನಲ್ಲ," ಎಂದಳು ಜಸ್ಟೀನ್. "ಅದು ಯಾವುದು?"

ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು. ಉಳಿದಿಬ್ಬರಲ್ಲಿ ಯಾರಾದರೂ ಹೌದೆನ್ನಲಿ ಎಂದು ಪ್ರತಿಯೊಬ್ಬನೂ ಕಾದ. ಗಂಟೆ ಹೊಡೆಯತೊಡಗಿತು. ಅದು ನಿಲ್ಲುವವರೆಗೆ ಮಾತಾಡದಿರಲು ಎಲ್ಲರಿಗೂ ಒಂದು ನೆವ ಸಿಕ್ಕಿತು.

ಗಂಟೆ ನಿಂತ ಮೇಲೆ ಪ್ರುಯಿಟ್ ಹೇಳಿದ: "ಯಾವುದರಲ್ಲಿ ಕೂತಿರ್ತಿದ್ನೋ ಅದಕ್ಕೆ ಹಾಗನ್ನೋನು, ಅಮ್ಮ."

ಜಸ್ಟೀನ್ ಡಬ್ಬಿಯ ಮುಚ್ಚಳ ತೆರೆದು, ಮೂರು ಜೊತೆ ಕೈಗವಸು ತೆಗೆದು, ಮೂವರಿಗೂ ಕೊಟ್ಟಳು. ಉಳಿದ ಮೂರು ಜೊತೆಯ ಮೇಲೆ ಮುಚ್ಚಳ ಹಾಕಿದಳು.

ಅಂತ್ಯಕ್ರಿಯೆಯ ಏರ್ಪಾಡು ಮಾಡುವ ಡೋವಿನ್ ಎಂಬಾತ ಹತ್ತಿರ ಬಂದ. "ಒಳಗೆ ಗಾಲಿ ಗಾಡಿ ಇದೆ, ತೊಂದರೆ ಇಲ್ಲ. ಆದರೆ ಸ್ಮಶಾನದಲ್ಲಿ ನಿಮ್ಮ ಜಾಗ ನದಿ ಕಡೆ ಇಳಿಜಾರಿನಲ್ಲಿದೆ. ಗಾಡಿ ನಿಲ್ಲೋದಿಲ್ಲ, ಹೊರಲೇಬೇಕು. ನಮ್ಮ ಇಬ್ಬರು ಹುಡುಗರನ್ನ ಕರೀತೀನಿ. ನಾವು ಯಾವಾಗಲೂ ಮಾಡ್ತೀವಿ ಇದನ್ನ."

"ಸಂಬಳದವರು ಬೇಡ," ಎಂದಳು ಜಸ್ಟೀನ್. "ನಮ್ಮ ಅಪ್ಪನನ್ನ ಉಕ್ಕಿನ ಕಾರ್ಖಾನೆಯಿಂದ ಆರು ಜನ ಬಂದು ಹೊತ್ತರು. ಇವನ ಗುರುತು ಪರಿಚಯ ಇಲ್ಲದೋರು ಇವನನ್ನ ಎತ್ತೋದು ಬೇಡ."

"ಮತ್ತೆ ಮೂವರಲ್ಲಿ ಹೇಗೆ?"

"ಅಲ್ಲಿಗೆ ಹೋಗೋ ಹೊತ್ತಿಗೆ ಯಾರಾದ್ರೂ ಬರ್ತಾರೆ," ಎಂದಳು. "ಬರ್ತಾರೆ."

ಆ ಮಾತು ಕೇಳಿ ವರ್ನಾ ತಿರುಗಿ ಅವಳ ಮುಖ ನೋಡಿದಳು. ಲುಡ್‌ನ ಅದೇ ದನಿ. ಅದೇ ರೀತಿ ಕೊನೆಯ ಅಕ್ಷರವನ್ನು ಸ್ವಲ್ಪ ಎಳೆದು, ತಾವೇ ನಂಬಿದವರಂತೆ.

*

ಇಪ್ಪತ್ತು ವರ್ಷದ ಹಿಂದಿನ ಒಂದು ಬುಧವಾರ.

ಕ್ಲಬ್ಬಿನ ಹಳೆಯ ಸದಸ್ಯ ಕ್ವಿಸ್ಟ್ ಸತ್ತಿದ್ದ. ಅವನ ಹೆಂಡತಿ ಅಡೀಲ್, ದೋಣಿ ಮರದ ಕೆಳಗೆ ಕೊಳೆಯುತ್ತದೆಂದು ಅದರ ಬೀಗದ ಕೈಯನ್ನು ಲುಡ್‌ಗೆ ಕೊಟ್ಟಿದ್ದಳು. "ಮಾರಲ್ಲ, ಬಾಡಿಗೆಗೆ ಕೊಡಲ್ಲ. ನೀನು ನಡೆಸು. ನಿನ್ನದೇ ಅಂದ್ಕೋ." ಸಣ್ಣ ದೋಣಿ. ಆದರೂ ರೇಸಿಗೆ ಮೂವರಾದರೂ ಬೇಕು.

ವರ್ನಾ ಅವತ್ತು ಎಂದಿನಂತೆ ದಂಡೆಯ ಮೇಲಿನ ಮರದ ಗೋಪುರದಲ್ಲಿದ್ದಳು. ರೇಸು ಬಿಡುವುದು ಅವಳ ಕೆಲಸ: ಬಾವುಟ ಏರಿಸುವುದು, ತುತ್ತೂರಿ ಊದುವುದು, ಬಂದ ದೋಣಿಗಳ ಹೊತ್ತು ಬರೆದುಕೊಳ್ಳುವುದು. ಮೇಲಿನಿಂದ ಎಲ್ಲ ಕಾಣುತ್ತಿತ್ತು. ಲುಡ್ ಐದು ಗಂಟೆಗೇ ಬಂದು ಹಾಯಿ ಏರಿಸಿದ್ದ. ಅದು ಗಾಳಿಗೆ ಪಟಪಟ ಬಡಿದುಕೊಳ್ಳುತ್ತಿತ್ತು. ಯಜಮಾನ ಕೂರುವ ಚುಕ್ಕಾಣಿಯ ಹತ್ತಿರ ಅವನು ಕೂತಿರಲಿಲ್ಲ. ಮುಂದೆ, ಹಗ್ಗ ಎಳೆಯುವವರು ಕೂರುವ ಕಡೆ, ಚೀಲವನ್ನು ಕಾಲಿನ ನಡುವೆ ಇಟ್ಟುಕೊಂಡು ಕೂತಿದ್ದ.

ದಾಟಿ ಹೋಗುವವರು ಕೇಳುತ್ತಿದ್ದರು. "ಏನ್ ಲುಡ್, ಯಜಮಾನರು ಇನ್ನೂ ಬರ್ಲಿಲ್ವಾ?"

"ಬರ್ತಾರೆ."

"ಇವತ್ತು ಯಾರ ಜೊತೆ?"

"ಬರ್ತಾರೆ, ಬರ್ತಾರೆ."

ಫಲಕದಲ್ಲಿ ಹೆಸರು ಬರೆದು ಕಾಯುತ್ತಿದ್ದ ಇಬ್ಬರು ಅವನ ದೋಣಿಯ ಪಕ್ಕದಲ್ಲೇ ಓಡಾಡುತ್ತಿದ್ದರು. ಲುಡ್ ಅವರನ್ನು ನೋಡಿ ತಲೆಯಾಡಿಸಿದ. ಅವರೂ ಆಡಿಸಿದರು. ಅವನು ಕರೆಯಲಿಲ್ಲ. ತಮ್ಮ ಹಾಗೆಯೇ ಕಾಯುತ್ತಿರುವವನನ್ನು ಅವರು ಏನೆಂದು ಕೇಳಿಯಾರು.

ಆರೂ ಇಪ್ಪತ್ತೈದಕ್ಕೆ ಉಳಿದ ದೋಣಿಗಳೆಲ್ಲ ಹೊರಗೆ ಹೋಗಿದ್ದವು. ಲುಡ್ ತಲೆಯೆತ್ತಿ ಗೋಪುರದ ಕಡೆ ನೋಡಿದ. ಇನ್ನೆಷ್ಟು ನಿಮಿಷವಿದೆಯೆಂದು ಕೇಳುತ್ತಿದ್ದಾನೆಂದುಕೊಂಡು ವರ್ನಾ ಕೈಯೆತ್ತಿ ಐದು ಬೆರಳು ತೋರಿಸಿದಳು. ಅವನು ಅರ್ಥವಾಯಿತೆಂಬಂತೆ ತಲೆಯಾಡಿಸಿದ. ಆದರೆ ಮುಖ ಕೆಳಗೆ ಮಾಡಲಿಲ್ಲ. ಇನ್ನೂ ಸ್ವಲ್ಪ ಹೊತ್ತು ನೋಡುತ್ತಿದ್ದ. ಅವಳು ಬಾವುಟದ ಹಗ್ಗಕ್ಕೆ ತಿರುಗಿದಳು.

ರೇಸು ಬಿಟ್ಟ ಮೇಲೆ ನೋಡಿದಾಗ ಅವನು ಹಾಯಿ ಇಳಿಸಿ ಮಡಿಸುತ್ತಿದ್ದ. ಇಸ್ತ್ರಿ ಬಟ್ಟೆಯ ಹಾಗೆ, ಮಡಿಕೆಯ ಮೇಲೆ ಮಡಿಕೆ. ಮುಂದಿನ ಬುಧವಾರ ಮತ್ತೆ ದೋಣಿಕಟ್ಟೆಯ ತುದಿಯಲ್ಲಿ ನಿಂತಿದ್ದ.

"ಬೀಗದ ಕೈ ವಾಪಸ್ ಕೊಟ್ಟ," ಎಂದು ಅಡೀಲ್ ಆಮೇಲೆ ವರ್ನಾಳಿಗೆ ಹೇಳಿದ್ದಳು. "ದೋಣಿ ಚೆನ್ನಾಗಿದೆಯಂತೆ. ಆದ್ರೆ ಜನಕ್ಕೆ ಫೋನ್ ಮಾಡಿ ಬನ್ನಿ ಅನ್ನೋದು ಅವನ ಕೈಲಾಗಲ್ವಂತೆ. ಬರಲ್ಲ ಅಂದ್ಬಿಟ್ರೆ ಅಂತ ಕೇಳ್ತಾನೆ, ಪುಣ್ಯಾತ್ಮ." ಆಗ ಇಬ್ಬರೂ ನಕ್ಕಿದ್ದರು.

*

ಪೂಜೆ ಮುಗಿಯುವ ಹೊತ್ತಿಗೆ ಇನ್ನೊಬ್ಬ ಬಂದಿದ್ದ. ಓಸ್ವಾಲ್ಡೊ ರೆಂಟಾಸ್, ಲುಡ್‌ನ ನಂತರ ಶಾಲೆಯ ಬಾಯ್ಲರಿಗೆ ಬಂದವನು. ಕೆಲಸದ ನಡುವೆ ಎದ್ದು ಬಂದಿದ್ದ. ಬೂದು ಅಂಗಿಯ ಜೇಬಿನ ಮೇಲೆ ಶಾಲೆಯ ಹೆಸರಿತ್ತು. ಜಸ್ಟೀನ್ ಕೊಟ್ಟ ಕೈಗವಸನ್ನು ಏನೆಂದೂ ಕೇಳದೆ ಹಾಕಿಕೊಂಡ.

ಸ್ಮಶಾನದಲ್ಲಿ ಹೆಣದ ಗಾಡಿ ದಾರಿಯ ಮೇಲೆ ನಿಂತಿತು. ಗುಂಡಿ ಅಲ್ಲಿಂದ ನೂರು ಹೆಜ್ಜೆ, ಇಳಿಜಾರಿನ ಅಡ್ಡಕ್ಕೆ. ಹುಲ್ಲು ರಾತ್ರಿಯ ಮಳೆಗೆ ನೆನೆದಿತ್ತು. ಪಾದ್ರಿ ಗಡಿಯಾರ ನೋಡಿಕೊಂಡು, ನೋಡಿಕೊಂಡಿಲ್ಲವೆಂಬಂತೆ ತೋಳು ಇಳಿಸಿದರು. ಜಸ್ಟೀನ್ ಗೇಟಿನ ಕಡೆ ಮುಖ ಮಾಡಿ ನಿಂತಿದ್ದಳು. ಒಂದು ಕಾರು ಬಂತು. ಹೂ ಇಡಲು ಬಂದ ಬೇರೆ ಯಾರೋ. ಅವರು ಬೇರೆ ಗೋರಿಯ ಕಡೆ ಹೋದರು.

"ಇನ್ನು ಐದು ನಿಮಿಷ ನೋಡೋಣ," ಎಂದಳು ಜಸ್ಟೀನ್.

ಡೋವಿನ್ ವರ್ನಾಳ ಕಿವಿಯಲ್ಲಿ ಹೇಳಿದ: "ಯಾರೂ ಬರಲ್ಲ ಅಮ್ಮ. ನೀವಾದ್ರೂ ಸ್ವಲ್ಪ ಹೇಳಿ. ಹುಡುಗರು ಇಲ್ಲೇ ಇದಾರೆ."

ವರ್ನಾ ಡಬ್ಬಿಯಿಂದ ಒಂದು ಜೊತೆ ಕೈಗವಸು ತೆಗೆದುಕೊಂಡಳು. ಅವಳ ಕೈಗೆ ಅವು ದೊಡ್ಡವು.

"ನೀನಾ?" ಎಂದ ನೋಲನ್. "ವರ್ನಾ, ಭಾರ ಇರುತ್ತೆ."

"ಗೊತ್ತು," ಎಂದಳು.

ಪೆಟ್ಟಿಗೆಯನ್ನು ಗಾಡಿಯಿಂದ ಎಳೆದರು. ಹಿಡಿಕೆ ಹಿಡಿಯಲು ಎಲ್ಲರೂ ಒಟ್ಟಿಗೆ ಸರಿದಾಗ ಆದ ತಪ್ಪು, ದೋಣಿ ಗೊತ್ತಿಲ್ಲದ ಜನರು ಮಾಡುವಂಥದ್ದಲ್ಲ. ಗಾಳಿಗೆ ದೋಣಿ ವಾಲಿದರೆ ಒಳಗಿದ್ದವರೆಲ್ಲ ಎತ್ತರವಾದ ಬದಿಗೆ ಹೋಗಿ ಕೂರಬೇಕು. ಐವತ್ತು ವರ್ಷ ಆ ಮೂವರು ಅದನ್ನೇ ಮಾಡಿದ್ದರು, ಬೇರೆಯವರಿಂದಲೂ ಮಾಡಿಸಿದ್ದರು. ಇಳಿಜಾರಿನಲ್ಲಿ ಪೆಟ್ಟಿಗೆ ವಾಲಿದ್ದೇ ತಡ, ಪ್ರುಯಿಟ್, ಹ್ಲಾವಟಿ, ನೋಲನ್, ಮೂವರೂ ಯೋಚಿಸದೆ ಮೇಲಿನ ಬದಿಗೆ ಹೋಗಿಬಿಟ್ಟರು. "ಮೇಲಕ್ಕೆ, ಮೇಲಕ್ಕೆ," ಎಂದ ಪ್ರುಯಿಟ್. ಕೆಳಗಿನ ಬದಿಯಲ್ಲಿ ಉಳಿದವರು ಓಸ್ವಾಲ್ಡೊ ಮತ್ತು ವರ್ನಾ.

"ಸ್ವಾಮಿ, ಭಾರ ಎಲ್ಲ ಇಲ್ಲಿ ಬರ್ತಾ ಇದೆ," ಎಂದ ಓಸ್ವಾಲ್ಡೊ, ಹಲ್ಲು ಕಚ್ಚಿಕೊಂಡು. "ನೀವು ಮೂರೂ ಜನ ಅಲ್ಲಿ ನಿಂತು ಏನ್ ನೋಡ್ತಾ ಇದೀರಿ?"

ಮೂವರೂ ತಾವಿದ್ದ ಜಾಗ ನೋಡಿಕೊಂಡರು. ಪೆಟ್ಟಿಗೆಯನ್ನು ಮತ್ತೆ ಗಾಡಿಯ ಅಂಚಿಗೆ ಇಳಿಸಿದರು.

"ಕೆಳಗಡೆಗೆ ಹೋಗ್ತಿದ್ದೋನು ಯಾವಾಗಲೂ ಇವನೇ," ಎಂದ ಹ್ಲಾವಟಿ, ಪೆಟ್ಟಿಗೆಯ ಕಡೆ ನೋಡಿ. "ಗಾಳಿ ಕಮ್ಮಿಯಾದಾಗ ಒಬ್ಬ ಆ ಕಡೆ ಹೋಗಬೇಕಲ್ಲ. ಅಲ್ಲಿ ಏನೂ ಕಾಣಲ್ಲ, ಹಾಯಿ ಅಡ್ಡ. ಬೆನ್ನೆಲ್ಲ ಒದ್ದೆ. ಹೇಳೋಕೆ ಮುಂಚೆ ಹೋಗಿ ಕೂತಿರ್ತಿದ್ದ."

"ನನ್ನ ದೋಣೀಲೂ," ಎಂದ ನೋಲನ್.

ಡೋವಿನ್‌ನ ಹುಡುಗರಲ್ಲಿ ಒಬ್ಬ ಸಿಗರೇಟು ಎಸೆದು ಒಂದು ಹೆಜ್ಜೆ ಮುಂದೆ ಬಂದ. ಜಸ್ಟೀನ್ ಅವನನ್ನು ನೋಡಿದಳು. ಮತ್ತೆ ಗೇಟನ್ನು ನೋಡಿದಳು. ಬೇಡವೆಂದು ಇನ್ನೊಮ್ಮೆ ಹೇಳಲು ಅವಳಲ್ಲಿ ಶಕ್ತಿ ಉಳಿದಂತಿರಲಿಲ್ಲ. ತಾನು ಬರಲೇ ಎಂದು ಕೇಳಲೂ ಅವಳಿಗೆ ಬಾಯಿಲ್ಲ. ವರ್ನಾಳಿಗೆ ಅದು ಕಾಣಿಸಿತು. ಇಪ್ಪತ್ತು ವರ್ಷ ತಡವಾಗಿ, ಇಷ್ಟು ಹತ್ತಿರದಿಂದ.

"ಜಸ್ಟೀನ್," ಎಂದು ಕರೆದಳು. "ನಮಗೆ ಒಬ್ಬರು ಕಡಿಮೆ ಇದಾರೆ. ನೀವು ಬರ್ತೀರಾ?"

ಜಸ್ಟೀನ್ ಒಂದು ಕ್ಷಣ ತಡೆದಳು, ಬಿಡುವಿದೆಯೋ ಇಲ್ಲವೋ ಎಂದು ಯೋಚಿಸುವವಳಂತೆ. ಆಮೇಲೆ ಕೈಚೀಲವನ್ನು ಪಾದ್ರಿಯ ಕೈಗೆ ಕೊಟ್ಟು, ಕೈಗವಸು ಎಳೆದುಕೊಳ್ಳುತ್ತ ಬಂದು, ಕೆಳಗಿನ ಬದಿಯ ನಡುವಿನ ಹಿಡಿಕೆ ಹಿಡಿದಳು.

ಎತ್ತಿದರು. ಮೂರು ಹೆಜ್ಜೆ ಹೋಗುವುದರಲ್ಲಿ ಪೆಟ್ಟಿಗೆ ಅವಳ ಕಡೆಗೆ ವಾಲಿತು. ಅವಳು ತೋಳನ್ನು ಮೇಲಕ್ಕೆ ಒತ್ತಿದಳು. ಅಷ್ಟೇ ಅವಳ ಎತ್ತರ. ಬೂಟಿನ ಹಿಮ್ಮಡಿ ಹುಲ್ಲಿನೊಳಗೆ ಇಳಿಯಿತು. ಮೇಲಿನ ಬದಿಯಲ್ಲಿ ಮೊದಲು ಹ್ಲಾವಟಿ ಮೊಣಕಾಲು ಬಾಗಿಸಿದ. ಅವನನ್ನು ನೋಡಿ ನೋಲನ್. ಕೊನೆಗೆ ಪ್ರುಯಿಟ್, ಒಂದು ಕೈ ತೊಡೆಯ ಮೇಲೆ ಊರಿ, ಉಸಿರು ಬಿಡುತ್ತ. ಪೆಟ್ಟಿಗೆ ಸಮವಾಯಿತು. ಹಾಗೆಯೇ, ತಗ್ಗು ಬಾಗಿಲಿನಲ್ಲಿ ನುಗ್ಗುವವರ ಹಾಗೆ ಬಾಗಿಕೊಂಡು, ಆ ಎತ್ತರದ ಗಂಡಸರು ಗುಂಡಿಯವರೆಗೂ ಅವಳ ಸಣ್ಣ ಹೆಜ್ಜೆಗೆ ಹೆಜ್ಜೆ ಸೇರಿಸಿ ನಡೆದರು.